ಎಡಗಡೆಗೆ ಬಂದವನು

ಅಮೆರಿಕನ್ ಫುಟ್‌ಬಾಲಿನ ಒಳ್ಳೆಯ ಲೆಫ್ಟ್ ಟ್ಯಾಕಲ್ ಒಬ್ಬ ಮಾರ್ಚ್ ತಿಂಗಳ ಸಂತೆಯಲ್ಲಿ ಎರಡನೆಯ ವಾರವೂ ಬಿಕರಿಯಾಗದೆ ನಿಂತಿದ್ದಾನೆ ಎಂದರೆ ಅವನಲ್ಲಿ ಎಲ್ಲೋ ಹುಳುಕಿದೆ ಎಂದೇ ಅರ್ಥ. ಕರಾರು ಮುಗಿದ ಆಟಗಾರರು ಯಾವ ಕ್ಲಬ್ಬಿಗೆ ಬೇಕಾದರೂ ಹೋಗಬಹುದಾದ ಆ ದಿನಗಳಿಗೆ ಪತ್ರಿಕೆಯವರು ಫ್ರೀ ಏಜೆನ್ಸಿ ಎನ್ನುತ್ತಾರೆ. ನಾನು ಸಂತೆ ಎನ್ನುತ್ತೇನೆ. ಸಂತೆಯಲ್ಲಿ ಒಳ್ಳೆಯ ದನ ಮಧ್ಯಾಹ್ನದವರೆಗೆ ಉಳಿಯುವುದಿಲ್ಲ.

ಬ್ರೂಸಾರ್ಡ್ ಉಳಿದಿದ್ದ. ನಮ್ಮ ಟೊಲೆಡೊ ಕ್ಲಬ್ಬಿನವರು ಹೋಗಿ ಅವನನ್ನು ಹಿಡಿದು ತಂದರು. ಲೈನ್ ಕೋಚ್ ಹ್ಯಾನ್ರಟಿಗೆ ನೆಲದ ಮೇಲೆ ಕಾಲೇ ನಿಲ್ಲಲಿಲ್ಲ. ನನಗೆ ಮಾತ್ರ ಅವತ್ತು ಊಟ ರುಚಿಸಲಿಲ್ಲ.

ಲೈನ್ ಎಂದರೆ ನಾವು ಐದು ಜನ. ಚೆಂಡು ಹಿಡಿದು ಓಡುವವರೂ ಅಲ್ಲ, ಎಸೆಯುವವರೂ ಅಲ್ಲ. ಎದುರಿನ ದಢೂತಿ ಆಳುಗಳು ಚೆಂಡು ಎಸೆಯುವ ನಮ್ಮ ಕ್ವಾರ್ಟರ್‌ಬ್ಯಾಕ್‌ನನ್ನು ಮುಟ್ಟದಂತೆ ಅಡ್ಡ ನಿಲ್ಲುವವರು. ನಡುವಿನ ಸೆಂಟರ್ ನಾನು, ಬಾಬಿಚ್. ಬಗ್ಗಿ, ಕಾಲ ಸಂದಿಯಿಂದ ಚೆಂಡನ್ನು ಹಿಂದಕ್ಕೆ ಕೊಟ್ಟು ಪಂದ್ಯದ ಒಂದೊಂದು ಆಟವನ್ನೂ ಶುರು ಮಾಡುವುದು ನನ್ನ ಕೆಲಸ. ಎಡ ತುದಿಯವನು ಲೆಫ್ಟ್ ಟ್ಯಾಕಲ್. ಕ್ವಾರ್ಟರ್‌ಬ್ಯಾಕ್ ಬಲಗೈ ಎತ್ತಿ ಎಸೆಯಲು ನಿಂತಾಗ ಅವನ ಬೆನ್ನು ಎಡಕ್ಕೆ ತಿರುಗಿರುತ್ತದೆ. ಆ ಕಡೆಯಿಂದ ಬರುವ ಪೆಟ್ಟು ಅವನಿಗೆ ಕಾಣುವುದಿಲ್ಲ. ಅದನ್ನು ತಡೆಯಬೇಕಾದವನು ಆ ಟ್ಯಾಕಲ್.

ಹೋದ ವರ್ಷ ಅಲ್ಲಿ ನಿಂತಿದ್ದವನು ಬಾಗಿಲು ಕಾಯುವ ಬದಲು ಬಾಗಿಲು ತೆಗೆದು ‘ಬನ್ನಿ’ ಎನ್ನುವ ಜಾತಿಯವನು. ನವೆಂಬರ್‌ನಲ್ಲಿ ಎಡದಿಂದ ನುಗ್ಗಿದವನೊಬ್ಬ ನಮ್ಮ ಕ್ವಾರ್ಟರ್‌ಬ್ಯಾಕ್ ಕೋಲ್ಬಿಯನ್ನು ಎತ್ತಿ ಬಲಭುಜದ ಮೇಲೆ ಕುಕ್ಕಿದ. ಮೂಳೆ ಮುರಿದ ಸದ್ದು ನನಗೆ ಕೇಳಿಸಿತು. ಡಾಕ್ಟರು ಕಬ್ಬಿಣದ ತಿರುಪು ಹಾಕಿ ಭುಜ ಜೋಡಿಸಿ, ‘ಇನ್ನೊಂದು ಸಲ ಹೀಗೆ ಬಿದ್ದರೆ ಚೆಂಡಿರಲಿ, ತಲೆ ಬಾಚುವುದಕ್ಕೂ ಈ ಕೈ ಏಳುವುದಿಲ್ಲ’ ಎಂದು ಕಳಿಸಿದರು. ಹುಡುಗನಿಗೆ ಆಗಿನ್ನೂ ಇಪ್ಪತ್ತಮೂರು. ನನ್ನ ಬೆನ್ನ ಹಿಂದೆ ನಿಲ್ಲುವವನು, ನನ್ನನ್ನು ನಂಬಿ ನಿಲ್ಲುವವನು. ಅವನ ಭುಜಕ್ಕೆ ಕಾವಲಾಗಿ ಬಂದವನು ಎಂಥವನು ಎಂದು ನಾನು ನೋಡದೆ ಇನ್ಯಾರು ನೋಡಬೇಕು?

ನೋಡತೊಡಗಿದೆ. ಗುರುವಾರ ಸಂಜೆ ಲೈನಿನವರೆಲ್ಲ ನದಿಯಾಚೆ ಹಂಗೇರಿಯವರ ಹೋಟೆಲಿನಲ್ಲಿ ಉಣ್ಣುವುದು ನಮ್ಮ ಪದ್ಧತಿ. ಬ್ರೂಸಾರ್ಡ್ ಮೊದಲ ದಿನವೇ ಗೋಡೆಯ ಮೂಲೆ ಹಿಡಿದು, ಎಲ್ಲರ ಮುಖ ಕಾಣುವ ಹಾಗೆ ಕೂತ. ಲೂಯಿಸಿಯಾನದ ಕಪ್ಪು ಮನುಷ್ಯ, ಬಾಗಿಲಿಗೆ ಅಡ್ಡ ನಿಂತರೆ ಕೋಣೆ ಕತ್ತಲಾಗುವಂಥ ಆಳು.

“ಈರಿಯವ್ರು ನಿನ್ನನ್ನ ಯಾಕಯ್ಯ ಬಿಟ್ಬಿಟ್ರು?” ಎಂದೆ. ಈರಿ ಅವನ ಹಳೆಯ ಕ್ಲಬ್ಬು, ಸೆಪ್ಟೆಂಬರ್‌ನಲ್ಲಿ ನಮಗೆ ಮೊದಲ ಪಂದ್ಯವೇ ಅವರ ಮೇಲೆ.

ಅವನು ತಟ್ಟೆಯಿಂದ ತಲೆ ಎತ್ತಲಿಲ್ಲ. ಪಕ್ಕದವನು ಮೊಣಕೈಯಲ್ಲಿ ತಿವಿದ ಮೇಲೆ, “ಏನಂದೆ?” ಎಂದ.

“ಈರಿಯವ್ರು ಯಾಕೆ ಬಿಟ್ರು ಅಂತ.”

“ಅವ್ರನ್ನೇ ಕೇಳು ಯಜಮಾನ. ನಂಗಂತೂ ‘ಒಳ್ಳೇದಾಗ್ಲಿ, ಹೋಗಿ ಬಾ’ ಅಂದ್ರು. ಮದುವೆ ಮನೆಯಿಂದ ಕಳಿಸ್ದಂಗೆ ಕಳಿಸ್ಕೊಟ್ರು.”

ಎಲ್ಲರೂ ನಕ್ಕರು. ಅವನು ಮಾತ್ರ ಒಬ್ಬೊಬ್ಬರ ಮುಖವನ್ನೂ ನೋಡಿಕೊಂಡು ಕೊನೆಯಲ್ಲಿ ನಕ್ಕ. ತನ್ನ ಚಟಾಕಿಗೆ ತಾನೇ ತಡವಾಗಿ ನಗುವವನ ಮನಸ್ಸು ಬೇರೆಲ್ಲೋ ಇದೆ ಎಂದುಕೊಂಡೆ.

ಅದಕ್ಕಿಂತ ಕೆಟ್ಟದ್ದು ಕಂಡಿದ್ದು ಜುಲೈನಲ್ಲಿ, ಅಭ್ಯಾಸದ ವಿಡಿಯೊದಲ್ಲಿ. ಯಾವ ಟ್ಯಾಕಲ್ ಆದರೂ ಆಟ ಶುರುವಾಗುವ ಮುಂಚೆ ತನ್ನ ಮೇಲೆ ಬೀಳಲಿರುವವನನ್ನು ನೋಡುತ್ತಾನೆ. ಬ್ರೂಸಾರ್ಡ್ ನೋಡುತ್ತಿದ್ದುದು ನನ್ನ ಕೈಯನ್ನು. ಪ್ರತಿ ಸಲವೂ. ಏನಿದೆ ಈ ಕೈಯಲ್ಲಿ ಎಂದು ನಾನೂ ಕಣ್ಣಲ್ಲಿ ಕಣ್ಣಿಟ್ಟು ನೋಡಿದೆ. ಚೆಂಡು ಹಿಂದಕ್ಕೆ ಹೋಗುವ ಒಂದು ಗಳಿಗೆ ಮುಂಚೆ ನನ್ನ ಮಣಿಕಟ್ಟು ಚೂರೇ ಚೂರು ಹೊರಳುತ್ತಿತ್ತು. ಇಷ್ಟು ವರ್ಷ ಆಡಿದ್ದೇನೆ, ನನಗೇ ಗೊತ್ತಿರಲಿಲ್ಲ. ಕ್ವಾರ್ಟರ್‌ಬ್ಯಾಕ್ ಕೂಗುವ ಕೂಗಿಗೆ ನಾವೆಲ್ಲ ಒಟ್ಟಿಗೆ ಏಳಬೇಕು, ಎಷ್ಟನೆಯ ಕೂಗಿಗೆ ಎಂಬುದು ನಮಗೆ ಮಾತ್ರ ಗೊತ್ತು. ನಮ್ಮ ಬಂಡವಾಳವೆಲ್ಲ ಅಷ್ಟೇ. ಈ ಮಣಿಕಟ್ಟಿನ ಗುಟ್ಟು ಎದುರಿನವರಿಗೆ ಸಿಕ್ಕಿದರೆ ಅವರು ನಮಗಿಂತ ಮುಂಚೆ ಎದ್ದು ನೇರ ಕೋಲ್ಬಿಯ ಮೇಲೆ ಬೀಳುತ್ತಾರೆ.

ಈಗ ಎಲ್ಲ ಕೂಡಿ ಬಂತು. ಈರಿಯವರು ಇವನನ್ನು ಬಿಟ್ಟಿಲ್ಲ, ಕಳಿಸಿದ್ದಾರೆ.

“ಎಡಗಡೆ ಒಂದು ಕಣ್ಣಿಟ್ಟಿರು,” ಎಂದೆ ಕೋಲ್ಬಿಗೆ.

“ನಿಂಗೆ ನಿನ್ನ ನೆರಳಿನ ಮೇಲೂ ಅನುಮಾನ,” ಎಂದು ಅವನು ನಕ್ಕುಬಿಟ್ಟ. “ಅವನು ಬಂದ್ಮೇಲೆ ನನ್ನ ಮೈಮೇಲೆ ಒಂದು ನೊಣ ಕೂತಿಲ್ಲ ಗುರು.”

ಹಾವು ಹುತ್ತದಲ್ಲಿರುವಾಗ ಯಾರನ್ನೂ ಕಚ್ಚುವುದಿಲ್ಲ ಎಂದು ಮನಸ್ಸಿನಲ್ಲೇ ಅಂದುಕೊಂಡೆ.

ಆಗಸ್ಟ್‌ನಲ್ಲಿ ಎರಡು ಕ್ಲಬ್ಬುಗಳು ಒಂದೇ ಮೈದಾನದಲ್ಲಿ ಸೇರಿ ಅಭ್ಯಾಸ ಮಾಡುವುದುಂಟು. ಆ ಸಲ ಬಂದವರು ಈರಿಯವರೇ. ಬೆಳಿಗ್ಗೆ ನಾನು ಯಾರಿಗೂ ಹೇಳದೆ ಉದ್ದ ತೋಳಿನ ಅಂಗಿ ತೊಟ್ಟು, ಮಣಿಕಟ್ಟಿಗೆ ಬಿಗಿಯಾಗಿ ಪಟ್ಟಿ ಸುತ್ತಿಕೊಂಡೆ. ಕೈ ಹೊರಳುವಂತಿರಲಿಲ್ಲ. ಗುಟ್ಟು ಕೊಂಡುಕೊಂಡವರು ಕಾದು ಕಾದು ಮೋಸ ಹೋಗಲಿ, ಅವರ ಮುಖ ನೋಡಿದರೆ ಕಳ್ಳ ತಾನಾಗಿ ಸಿಕ್ಕಿಬೀಳುತ್ತಾನೆ ಎಂಬುದು ನನ್ನ ಲೆಕ್ಕ. ಕೋಲ್ಬಿ ಕೆಂಪಂಗಿ ತೊಟ್ಟಿದ್ದ. ಅಭ್ಯಾಸದಲ್ಲಿ ಕೆಂಪಂಗಿಯವನನ್ನು ಯಾರೂ ಕೆಡವುವಂತಿಲ್ಲ.

ಮೊದಲ ಆಟದಲ್ಲೇ ಈರಿಯ ಆಳು ಬ್ರೂಸಾರ್ಡ್‌ನನ್ನು ದಾಟಿ ಹೋಗಿ ಕೋಲ್ಬಿಯ ಬೆನ್ನು ತಟ್ಟಿದ. “ಸತ್ತೆ ಕಣೋ ತಮ್ಮ!”

ಎರಡನೆಯದರಲ್ಲೂ ಅದೇ. ಮೂರನೆಯ ಸಲ ಓಡಿ ಬಂದವನಿಗೆ ನಿಲ್ಲಲು ಆಗಲಿಲ್ಲ. ಭುಜಕ್ಕೆ ಭುಜ ತಾಗಿತು. ಕೋಲ್ಬಿ ಬಲಗೈ ಹಿಡಿದುಕೊಂಡು ಹುಲ್ಲಿನ ಮೇಲೆ ಕೂತುಬಿಟ್ಟ.

ಅವನು ಒಂದೊಂದೇ ಬೆರಳು ಮಡಿಸಿ, ಬಿಡಿಸಿ, ಕೊನೆಗೆ ಎದ್ದು ನಿಂತ. ಏನೂ ಆಗಿರಲಿಲ್ಲ. ಆಗ ನಾನು ಈರಿಯವರ ಕಡೆ ತಿರುಗಿದೆ. ಅವರಲ್ಲಿ ಯಾರೂ ನನ್ನ ಕೈಯನ್ನು ನೋಡುತ್ತಲೇ ಇರಲಿಲ್ಲ, ಯಾರೂ ಮೋಸ ಹೋಗಿರಲಿಲ್ಲ. ಕೈ ಮರೆಮಾಡಿದ್ದರಿಂದ ತಡವಾಗಿ ಎದ್ದವನು ಮೈದಾನದಲ್ಲಿ ಒಬ್ಬನೇ, ಬ್ರೂಸಾರ್ಡ್. ಅವನು ನನ್ನ ಪಟ್ಟಿಯನ್ನೇ ದಿಟ್ಟಿಸುತ್ತಾ ನಿಂತಿದ್ದ.

ಅಭ್ಯಾಸ ಮುಗಿದ ಮೇಲೆ ಅವನು ಮಂಜುಗಡ್ಡೆಯ ತೊಟ್ಟಿಯಲ್ಲಿ ಕೂತಿದ್ದ, ಬಾಗಿಲಿಗೆ ಬೆನ್ನು ಮಾಡಿ.

“ಬ್ರೂಸಾರ್ಡ್,” ಎಂದೆ. ಅಲುಗಲಿಲ್ಲ. “ಲೋ ಬ್ರೂಸಾರ್ಡ್!” ಎಂದು ಕೂಗಿದೆ. ಇಲ್ಲ. ಅಲ್ಲಿದ್ದ ತಗಡಿನ ಬಕೆಟ್ಟನ್ನು ಒದ್ದೆ. ಅದು ಉರುಳಿ ಗೋಡೆಗೆ ಬಡಿದ ಸದ್ದಿಗೆ ನನ್ನ ಕಿವಿಯೇ ಗುಂಯ್‌ಗುಟ್ಟಿತು. ಅವನು ಮೊಣಕಾಲಿನ ಮೇಲೆ ಮಂಜು ಸುರಿದುಕೊಳ್ಳುತ್ತಲೇ ಇದ್ದ. ನಾನು ಸುತ್ತಿ ಬಂದು ಮುಂದೆ ನಿಂತಾಗ ಬೆಚ್ಚಿಬಿದ್ದ.

“ಯಾವಾಗಿಂದ?” ಎಂದೆ.

ನನ್ನ ತುಟಿಯನ್ನು ನೋಡಿದ. “ನಾಲ್ಕು ವರ್ಷ ಆಯ್ತು. ಕಿವಿ ಚೂರುಚೂರೇ ಮಂದ ಆಗ್ತಾ ಬಂತು. ಎದುರಿಗೆ ಕೂತು ಮಾತಾಡಿದ್ರೆ ಅರ್ಥ ಆಗುತ್ತೆ. ಹಿಂದಿನಿಂದ ಕೂಗಿದ್ರೆ ಏನೂ ಇಲ್ಲ.”

“ಇಲ್ಲಿ ಡಾಕ್ಟ್ರು ನೋಡ್ಲಿಲ್ವಾ?”

“ಮೊಣಕಾಲು ನೋಡಿದ್ರು, ಬೆನ್ನು ನೋಡಿದ್ರು, ಭುಜ ತಿರುಚಿ ತಿರುಚಿ ನೋಡಿದ್ರು. ಕಿವಿ ಕೇಳ್ಸುತ್ತಾ ಅಂತ ಯಾರೂ ಕೇಳ್ಲಿಲ್ಲ. ಕೇಳಿದ್ರೂ ನಂಗೆ ಕೇಳಿಸ್ತಿರ್ಲಿಲ್ಲ ಬಿಡು.” ಅವನು ನಗಲು ನೋಡಿದ, ಆಗಲಿಲ್ಲ. “ಈರೀಲಿ ನಮ್ಮ ಸೆಂಟರ್‌ಗೆ ಹೇಳ್ಕೊಂಡಿದ್ದೆ. ಅಣ್ಣತಮ್ಮನ ಹಾಗಿದ್ವಿ. ಅವನು ಯಾರಿಗೆ ಹೇಳಿದ್ನೋ ಗೊತ್ತಿಲ್ಲ, ಆ ಮಾರ್ಚ್‌ಗೆ ನಾನು ಸಂತೇಲಿದ್ದೆ. ಇಲ್ಲಿಗೆ ಬಂದು ನಿನ್ನ ಕೈ ಹೊರಳೋದು ಕಂಡಾಗ ದೇವರೇ ಕಳಿಸ್ದ ಅನ್ಕೊಂಡೆ. ಕೂಗು ಬೇಕಾಗೇ ಇಲ್ಲ. ನಿನ್ನ ಕೈಯೇ ಸಾಕು.”

ನನಗೆ ನಾಚಿಕೆಯೂ ಆಯಿತು, ಸಿಟ್ಟೂ ಬಂತು. “ಕೋಲ್ಬಿಗೆ ಹೇಳ್ತೀನಿ,” ಎಂದೆ. “ಭುಜ ಅವನದು.”

“ಹೇಳು. ನನ್ನ ಮುಂದೆ ಹೇಳು. ನಿನ್ನ ಬಾಯಿ ನಂಗೆ ಕಾಣೋ ಹಾಗೆ ನಿಂತ್ಕೊಂಡು ಹೇಳು.”

ಹಾಗೆಯೇ ಹೇಳಿದೆ. ಕಿವಿಯ ವಿಷಯ, ಕೈಯ ವಿಷಯ, ಪಟ್ಟಿಯ ವಿಷಯ, ಒಂದೂ ಬಿಡಲಿಲ್ಲ. ಕೋಲ್ಬಿ ಬ್ರೂಸಾರ್ಡ್ ಮೇಲೆ ಹಾರಾಡುತ್ತಾನೆ ಎಂದುಕೊಂಡಿದ್ದೆ. ಅವನು ತಿರುಗಿದ್ದು ನನ್ನ ಕಡೆಗೆ.

“ಬೇಕು ಅಂತ ಮಾಡ್ದೆ? ನಾನು ಹಿಂದೆ ನಿಂತಿದ್ದಾಗ?”

“ಅವನನ್ನ ಹಿಡಿಯೋಣ ಅಂತ...”

“ಅವನಿಗೆ ಕೇಳ್ಸಲ್ಲ, ಅದು ಅವನ ಕೈಲಿಲ್ಲ. ನಿನಗೆ ನಂಬಿಕೆ ಬರಲ್ಲ. ನಿಮ್ಮಿಬ್ಬರ ನಡುವೆ ನನ್ನ ಭುಜ!” ಅವನು ಬ್ರೂಸಾರ್ಡ್ ಕಡೆ ತಿರುಗಿದ. “ನೀನು ಎಡಗಡೆಗೇ ಇರು. ನನಗೆ ನೀನು ಬೇಕು.” ನನ್ನ ಕಡೆ ನೋಡದೆ ಹೊರಟುಹೋದ.

ಮರುದಿನ ಹ್ಯಾನ್ರಟಿ ನಮ್ಮನ್ನು ಸಾಲಾಗಿ ನಿಲ್ಲಿಸಿದ. “ನಿನ್ನೆ ಎಡಗಡೆ ಮೂರು ಸಲ ಬಾಗಿಲು ತೆರೀತು. ಯಾಕೆ?”

ಬ್ರೂಸಾರ್ಡ್ ನನ್ನ ಬಾಯಿಯನ್ನು ನೋಡುತ್ತಿದ್ದ. ಕೋಲ್ಬಿ ನೆಲ ನೋಡುತ್ತಿದ್ದ.

“ನನ್ನ ಕೈ ಹಿಡ್ಕೊಂಡಿತ್ತು ಕೋಚ್,” ಎಂದೆ. “ಚೆಂಡು ತಡವಾಗಿ ಹೋಯ್ತು.”

ಹ್ಯಾನ್ರಟಿ ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದ. ಆ ನೋಟ ನನಗೆ ಚೆನ್ನಾಗಿ ಗೊತ್ತು. ನಾನು ಬೇರೆಯವರನ್ನು ನೋಡುತ್ತಿದ್ದುದೇ ಹಾಗೆ. ಆ ದಿನದಿಂದ ಅವನು ನನ್ನ ಮಣಿಕಟ್ಟು, ನನ್ನ ಸೊಂಟ, ನಾನು ಮೆಟ್ಟಿಲು ಹತ್ತುವ ರೀತಿ ಎಲ್ಲವನ್ನೂ ಗಮನಿಸತೊಡಗಿದ. ಬೇರೆ ಕ್ಲಬ್ಬುಗಳು ಕೈಬಿಟ್ಟವರೆಲ್ಲ ಆಗಸ್ಟ್ ಕೊನೆಗೆ ಮತ್ತೊಂದು ಸಣ್ಣ ಸಂತೆಗೆ ಬರುತ್ತಾರೆ. ಅಲ್ಲಿಂದ ಪೀಟ್ರಿ ಎಂಬ ಸೆಂಟರ್‌ನನ್ನು ತಂದ. “ಮೊದಲ ಪಂದ್ಯ ಇವನು ಆಡ್ಲಿ ಬಾಬಿಚ್. ನೀನು ಕೈ ನೋಡ್ಕೋ,” ಎಂದ.

ಆದರೆ ಸಂಜೆ ಪೀಟ್ರಿ ಚೆಂಡು ಕೊಡುವುದನ್ನು ನೋಡಿದಾಗ ನನ್ನ ಸಂಕಟ ಮರೆತೇಹೋಯಿತು. ಅವನ ಕೈ ಕಲ್ಲು. ಹೊರಳುವುದಿಲ್ಲ, ಮಿಸುಕುವುದಿಲ್ಲ. ಬೇರೆ ದಿನವಾಗಿದ್ದರೆ ಭೇಷ್ ಎನ್ನುತ್ತಿದ್ದೆ. ಬ್ರೂಸಾರ್ಡ್ ಪ್ರತಿ ಸಲವೂ ಗಳಿಗೆ ತಡವಾಗಿ ಏಳುತ್ತಿದ್ದ. ಭಾನುವಾರ ಈರಿಯ ಮೇಲಿನ ಪಂದ್ಯದಲ್ಲಿ ಕೋಲ್ಬಿಗೆ ಕೆಂಪಂಗಿ ಇರುವುದಿಲ್ಲ.

ಪೀಟ್ರಿಯನ್ನು ಪಕ್ಕಕ್ಕೆ ಕರೆದೆ. “ಚೆಂಡು ಕೊಡೋ ಮುಂಚೆ ಮಣಿಕಟ್ಟನ್ನ ಚೂರು ಹೊರಳಿಸು. ಹಿಂಗೆ.”

ಅವನು ನಕ್ಕ. “ಮುದುಕಪ್ಪ, ನನ್ನ ಕಿವಿಗೆ ಹೂವು ಇಡ್ಬೇಡ. ಗುಟ್ಟು ಬಿಟ್ಕೊಟ್ಟು ನಾನು ಮಣ್ಣು ಮುಕ್ಲಿ, ನಿನ್ನ ಜಾಗ ನಿಂಗೆ ವಾಪಸ್ ಬರ್ಲಿ ಅಂತ ತಾನೆ?”

ಅವನ ಜಾಗದಲ್ಲಿ ನಾನಿದ್ದರೂ ಅದನ್ನೇ ಹೇಳುತ್ತಿದ್ದೆ. ಹೋಗಿ, ಪೀಟ್ರಿಗೆ ನಿಜ ಹೇಳಿಬಿಡಲೇ ಎಂದು ಬ್ರೂಸಾರ್ಡ್‌ನನ್ನು ಕೇಳಿದೆ. ಅವನು ಪೀಟ್ರಿಯನ್ನು ದೂರದಿಂದಲೇ ಅಳೆದು ನೋಡಿ, “ಹೇಳು,” ಎಂದ. ನಾಳೆಯೇ ಕೋಚ್ ಹತ್ತಿರ ಓಡಬಹುದಾದ ಒಬ್ಬ ಅಪರಿಚಿತನಿಗೆ, ನನ್ನ ಅನ್ನ ಕಿತ್ತುಕೊಳ್ಳಲು ಬಂದವನಿಗೆ, ಎಲ್ಲವನ್ನೂ ಬಿಚ್ಚಿ ಹೇಳಿದೆ. ಇನ್ನೊಬ್ಬ ಮನುಷ್ಯನ ಮೇಲೆ ಅಷ್ಟು ಭಾರ ನಾನು ಎಂದೂ ಹಾಕಿರಲಿಲ್ಲ.

ಪೀಟ್ರಿ ಕಣ್ಣು ಕಿರಿದು ಮಾಡಿ ಕೇಳಿಸಿಕೊಂಡ. “ಇದ್ರಲ್ಲಿ ನಿನಗೇನು ಲಾಭ?”

“ಹುಡುಗನ ಭುಜ ಉಳಿಯುತ್ತೆ.”

“ಅಷ್ಟೇನಾ?”

“ಅಷ್ಟೇ.”

ಅವನು ನಂಬಿದನೋ ಇಲ್ಲವೋ ತಿಳಿಯಲಿಲ್ಲ. ಎದ್ದು ಹೋದ. ಆ ವಾರದ ಉಳಿದ ಅಭ್ಯಾಸಗಳಲ್ಲೂ ಅವನ ಕೈ ಕಲ್ಲಾಗಿಯೇ ಇತ್ತು.

ಭಾನುವಾರ ಊರಿಗೆ ಊರೇ ಮೈದಾನದಲ್ಲಿತ್ತು. ನಾನು ಗೆರೆಯಾಚೆ ಕೈಕಟ್ಟಿ ನಿಂತಿದ್ದೆ. ನಮಗೆ ಚೆಂಡು ಸಿಕ್ಕಿತು. ಕೋಲ್ಬಿ ಪೀಟ್ರಿಯ ಹಿಂದೆ ಬಂದು ನಿಂತ. ಎಡಗಡೆ, ಆಗಸ್ಟ್‌ನಲ್ಲಿ ಬೆನ್ನು ತಟ್ಟಿದ್ದ ಅದೇ ಈರಿಯ ಆಳು, ನೆಲಕ್ಕೆ ಕೈಯೂರಿ ಬಗ್ಗಿದ್ದ. ನಾನು ನಿಂತಲ್ಲಿಂದ ಪೀಟ್ರಿಯ ಕೈ ಕಾಣುತ್ತಿರಲಿಲ್ಲ. ಅಡ್ಡ ನಿಂತವನನ್ನು ತಳ್ಳಿದೆ, ಕತ್ತು ಚಾಚಿದೆ, ಆಗಲೂ ಕಾಣಲಿಲ್ಲ.

ಕೋಲ್ಬಿ ಕೂಗಿದ. ಎರಡನೆಯ ಸಲ ಕೂಗುವ ಮುಂಚೆಯೇ ಬ್ರೂಸಾರ್ಡ್‌ನ ಹಿಮ್ಮಡಿ ನೆಲದಲ್ಲಿ ಊರಿಕೊಂಡದ್ದು ಕಂಡೆ. ಚೆಂಡು ಹೋಯಿತು. ಅವನು ಎಲ್ಲರ ಜೊತೆಗೇ ಎದ್ದ. ಈರಿಯ ಆಳು ಬಂದು ಅವನ ಎದೆಗೆ ಬಡಿದು ಅಲ್ಲೇ ನಿಂತ. ಹಿಂದೆ ಕೋಲ್ಬಿ ಅವಸರವಿಲ್ಲದೆ ಕೈ ಎತ್ತಿ ಎಸೆದ. ಜನ ಕುಣಿದರು.

ಪೀಟ್ರಿ ಮೊಣಕಾಲಿನ ಹುಲ್ಲು ಕೊಡವಿಕೊಳ್ಳುತ್ತಾ ನನ್ನ ಕಡೆ ಒಂದು ಸಲ ನೋಡಿ, ಮುಂದಿನ ಆಟಕ್ಕೆ ಓಡಿದ. ಹ್ಯಾನ್ರಟಿ ನನ್ನ ಪಕ್ಕಕ್ಕೆ ಬಂದು, “ನೋಡಿದ್ಯಾ, ಹೊಸಬ ಎಷ್ಟು ಚೆನ್ನಾಗಿ ಕೂಡ್ಕೊಂಡ!” ಎಂದ.

“ಚೆನ್ನಾಗಿದಾನೆ ಕೋಚ್,” ಎಂದೆ. “ಅವನನ್ನೇ ಆಡ್ಸು.”