ನಜಾತ್ ಹೆಸರಿನ ಮುಂದಿನ ಷರಾ

ವಿಲಾಯತಿಯ ಕೊಲಿಂಡೇಲ್ ಬಡಾವಣೆಯ ಒಂದು ಕ್ಲಿನಿಕ್ಕಿನಲ್ಲಿ, ಹೊಸದಾಗಿ ಶುಗರ್ ಬಂದವರಿಗೆ ಪ್ರತಿ ಮಂಗಳವಾರ ಪಥ್ಯದ ಪಾಠ ಹೇಳುವುದು ಮೈಸೂರಿನ ಕಾಮಾಕ್ಷಿಯ ಕೆಲಸ. ಬರುವವರಲ್ಲಿ ಅರಬ್ಬರೇ ಹೆಚ್ಚು, ಅದೂ ನಲವತ್ತು ದಾಟಿದ ಹೆಂಗಸರು. ವರ್ಷದಿಂದ ವರ್ಷಕ್ಕೆ ಕುರ್ಚಿ ಸಾಲದಾಗುತ್ತಿತ್ತು. ಕರಪತ್ರದಲ್ಲಿ ಮಾತ್ರ ಅದೇ ಎರಡು ಮಾತು: ಖರ್ಜೂರ ಬಿಡಿ, ಅನ್ನ ಕಡಿಮೆ ಮಾಡಿ.

ಬಸ್ರಾದ ನಜಾತ್ ಎರಡು ಸಲ ಪಾಠ ತಪ್ಪಿಸಿದಾಗ, ಮ್ಯಾನೇಜರ್ ಅವಳ ಹೆಸರಿನ ಮುಂದೆ ‘ಅಸಹಕಾರ’ ಎಂದು ಷರಾ ಬರೆದು, ಪಟ್ಟಿಯಿಂದ ತೆಗೆಯಲು ಹೇಳಿದ. ಕಾಮಾಕ್ಷಿಗೆ ಮನಸ್ಸು ಒಪ್ಪಲಿಲ್ಲ. ಫೋನ್ ಮಾಡಿ ಕೇಳಿಕೊಂಡು ಅವಳ ಫ್ಲ್ಯಾಟಿಗೇ ಹೋದಳು.

ನಜಾತ್ ಸಕ್ಕರೆ ಹಾಕದ ಚಹಾ ಕೊಟ್ಟಳು. ತಾಯಿಗೂ, ಕುವೈತಿನಲ್ಲಿರುವ ಇಬ್ಬರು ಅಕ್ಕಂದಿರಿಗೂ ಇದೇ ಕಾಯಿಲೆಯಂತೆ. ಅಜ್ಜಿ ಮಾತ್ರ ದಿನಾ ಖರ್ಜೂರ ತಿಂದು, ತೋಟದಲ್ಲಿ ಗೇದು, ತೊಂಬತ್ತು ವರ್ಷ ಬಾಳಿದ್ದಳಂತೆ. ಇಲ್ಲಿ ಲಿಫ್ಟು, ಕಾರು, ಸೋಫಾ. ಆದರೂ ನಜಾತ್ ದಿನಾ ಪಾರ್ಕಿನಲ್ಲಿ ನಡೆಯುತ್ತಿದ್ದಳು. ಹೋದ ಚಳಿಗಾಲದಲ್ಲಿ ಯಾರೋ ಹಿಂದಿನಿಂದ ತಲೆವಸ್ತ್ರ ಎಳೆದು ನಕ್ಕರು. ಅಂದಿನಿಂದ ಒಬ್ಬಳೇ ಹೊರಗೆ ಕಾಲಿಟ್ಟಿಲ್ಲ.

“ನಿಮ್ಮ ಕರಪತ್ರ ಖರ್ಜೂರವನ್ನು ದೂರುತ್ತೆ, ಆ ಕೈಯನ್ನು ದೂರಲ್ಲ,” ಎಂದಳು.

ಕಾಮಾಕ್ಷಿ ತಲೆ ತಗ್ಗಿಸಿದಳು. ಆರು ವರ್ಷದಿಂದ ಆ ಕರಪತ್ರ ಹಂಚಿದವಳು ಅವಳೇ.

ಮರುದಿನ ಷರಾ ಹೊಡೆದುಹಾಕಿ, ಪಾರ್ಕಿನಲ್ಲಿ ನಡೆದದ್ದನ್ನೆಲ್ಲ ಬರೆದಳು. ಕಾಯಿಲೆಗೆ ಸಂಬಂಧವಿಲ್ಲದ್ದನ್ನು ಅಳಿಸಬೇಕೆಂದು ಮ್ಯಾನೇಜರ್ ತಣ್ಣಗೆ ಹೇಳಿದ.

“ಅಳಿಸಲ್ಲ. ಸಂಬಂಧ ಇರೋದೇ ಇದಕ್ಕೆ. ಮುಂದಿನ ಮಂಗಳವಾರದ ಪಾಠ ಪಾರ್ಕಿನಲ್ಲಿ.”

ಅನುಮತಿ ಇಲ್ಲವೆಂದು ಅವನು ಮೇಲ್ ಕಳಿಸಿದ. ಹಾಗಾದರೆ ತನ್ನ ಊಟದ ವೇಳೆಯಲ್ಲೇ ಹೋಗುವುದಾಗಿ ಅವಳು ಉತ್ತರ ಬರೆದಳು.

ಮೊದಲ ವಾರ ನಜಾತ್ ಸೇರಿ ಬಂದವರು ನಾಲ್ವರು. ಐದನೆಯ ವಾರಕ್ಕೆ ಹತ್ತೊಂಬತ್ತು. ದಾರಿಯಗಲಕ್ಕೂ ಹರಡಿಕೊಂಡು, ಅರಬ್ಬಿಯಲ್ಲಿ ಹರಟುತ್ತ ಬಿರುಸಾಗಿ ನಡೆದರು. ಬೆಂಚಿನಲ್ಲಿ ಕೂತಿದ್ದವನೊಬ್ಬ, ನಿಮ್ಮ ಮನೆಗೆ ಹೋಗಿ ಎಂದು ಗೊಣಗಿದ. ಕಾಮಾಕ್ಷಿ ಹೆಜ್ಜೆ ನಿಧಾನಿಸಿದಳು. ನಜಾತ್ ಮಾತ್ರ ಸೀದಾ ಅವನೆದುರು ಹೋಗಿ ನಿಂತಳು.

“ಮನೆಗೇ ಹೋಗ್ತೀನಿ. ಇನ್ನೂ ಎರಡು ಸುತ್ತು ಬಾಕಿ ಇದೆ.”

ಅವನು ಫೋನಿನೊಳಗೆ ಮುಖ ಹುದುಗಿಸಿದ. ಹೆಂಗಸರು ಅವನ ಮುಂದೆಯೇ ಎರಡಲ್ಲ, ಮೂರು ಸುತ್ತು ಹಾಕಿದರು.

ಮೂರು ತಿಂಗಳಲ್ಲಿ ನಜಾತಳ ಶುಗರ್ ತುಸು ಇಳಿಯಿತು, ಮಾತ್ರೆ ನಿಲ್ಲಲಿಲ್ಲ. ಕಾಮಾಕ್ಷಿಗೆ ಎಚ್ಚರಿಕೆಯ ಪತ್ರವೂ ಬಂತು. ಅದನ್ನು ಡ್ರಾಯರಿಗೆ ತಳ್ಳಿ, ಶೂ ಲೇಸು ಬಿಗಿದುಕೊಂಡು ಅವಳು ಹೊರಟಳು. ಪಾರ್ಕಿನ ಗೇಟಿನ ಬಳಿ ಇಪ್ಪತ್ತಾರು ಜನ ಕಾಯುತ್ತಿದ್ದರು.