ಸೆರೆಮನೆಯಲ್ಲಿ ಹುಟ್ಟಿದ ಕಿರೀಟ

ಗದಿಗೆಪ್ಪ ಲಿಂಗೈಕ್ಯನಾದ ಸುದ್ದಿ ನನಗೆ ತಿಳಿದದ್ದು ಒಂದು ಸೋಮವಾರ. ಉಗ್ರಾಣದ ಬೀಗ ತೆಗೆಯುತ್ತ ವಾರ್ಡರನೊಬ್ಬ ತನ್ನ ಜೊತೆಗಾರನಿಗೆ, “ನಮ್ಮ ಮಹಾರಾಜ ಹ್ವಾದನಂತಪಾ. ನಿನ್ನೆ ಮಣ್ಣಾತಂತ,” ಎಂದ. ಈ ಸೆರೆಮನೆಯಲ್ಲಿ ಮಹಾರಾಜನೆಂದರೆ ಅವನೊಬ್ಬನೇ. ಅವನ ತಲೆಯ ಮೇಲೆ ಕೂತದ್ದು ನಾನು.

ನಾನೊಂದು ಕಿರೀಟ. ಬಂಗಾರದ್ದಲ್ಲ. ಎಣ್ಣೆ ಮುಗಿದ ಡಬ್ಬಿಯನ್ನು ಕತ್ತರಿಸಿ ಕಮ್ಮಾರಸಾಲೆಯ ಕೈದಿಗಳು ನನ್ನನ್ನು ಮಾಡಿದರು. ಹೊಲಿಗೆಯವರು ಒಳಗೆ ಕೆಂಪು ಬಟ್ಟೆ ಅಂಟಿಸಿದರು. ನನ್ನ ಹಣೆಯ ಹರಳು, ಹೆಂಗಸರ ವಿಭಾಗದಿಂದ ಬಂದ ಬಳೆಚೂರು.

ಸೆರೆಮನೆ ನನಗಿಂತ ಬಹಳ ಹಿರಿಯದು. ಬಿಳಿಯರ ಕಾಲದಲ್ಲಿ ಕರಿಕಲ್ಲಿನಿಂದ ಕಟ್ಟಿದ್ದು. ಗೋಡೆಯೊಳಗೆ ಮತ್ತೊಂದು ಗೋಡೆ. ಸ್ವಾತಂತ್ರ್ಯ ಬೇಡಿದವರು ಇಲ್ಲಿ ಕಲ್ಲು ಒಡೆದರು. ಅವರು ಹೋದ ಮೇಲೆ ದರೋಡೆಕೋರರು ಬಂದರು, ಕೊಲೆ ಮಾಡಿದವರು ಬಂದರು. ನೇಣುಗಂಬದ ಅಂಗಳಕ್ಕೆ ಹೋದವರು ಮರಳಲಿಲ್ಲ. ಕೈದಿಗಳು ಬದಲಾದರೂ ಒಂದು ಪದ್ಧತಿ ಬದಲಾಗಲಿಲ್ಲ. ಸಂಜೆ ಗಂಟೆ ಬಾರಿಸಿದೊಡನೆ ಎಲ್ಲರೂ ಇದ್ದಲ್ಲೇ ಜೋಡಿ ಜೋಡಿಯಾಗಿ ನೆಲದ ಮೇಲೆ ಕೂರಬೇಕು. ಕೈದಿಗಳ ಎಣಿಕೆ ಮುಗಿಯುವವರೆಗೆ ಯಾರೂ ಏಳುವಂತಿಲ್ಲ.

ಇಲ್ಲಿಗೆ ನಾಟಕ ತಂದವರು ಜೈಲರ್ ಕರಬಸಯ್ಯನವರು. ಅರಸನ ಪಾತ್ರಕ್ಕೆ ನನ್ನನ್ನು ಮೊದಲು ಧರಿಸಿದವನು ಒಬ್ಬ ಜೇಬುಗಳ್ಳ. ಮಾತು ಮರೆತಾಗಲೆಲ್ಲ ರಾಜಗಾಂಭೀರ್ಯದಿಂದ ಕೆಮ್ಮುತ್ತಿದ್ದ. ಅವನ ಬಿಡುಗಡೆಯ ಬಳಿಕ ನಾನು ಗದಿಗೆಪ್ಪನ ತಲೆಗೆ ಬಂದೆ. ಅವನು ಹೊಲದ ಜಗಳದಲ್ಲಿ ಒಡಹುಟ್ಟಿದ ತಮ್ಮನನ್ನೇ ಕೊಡಲಿಯಿಂದ ಕೊಂದು ಜೀವಾವಧಿ ಶಿಕ್ಷೆಗೆ ಬಂದವನು. ತಾಯಿ ನೀಲವ್ವ ಅಂದಿನಿಂದ ಅವನ ಮುಖ ನೋಡಿರಲಿಲ್ಲ. ತನಗೆ ಇಬ್ಬರೂ ಮಕ್ಕಳು ಸತ್ತರೆಂದೇ ಊರವರಿಗೆ ಹೇಳುತ್ತಿದ್ದಳಂತೆ. ತಾಯಿಯೊಮ್ಮೆ ಮಾತಾಡಿಸಿದರೆ ಸಾಕು, ಅವನಿಗೆ ಬೇರೆ ಆಸೆಯಿರಲಿಲ್ಲ.

ಒಂದು ದಿನ ಪೇಟೆಯ ರಂಗಮಂದಿರದಲ್ಲಿ ನಮ್ಮ ನಾಟಕವಾಡಲು ಅಪ್ಪಣೆ ಬಂತು. ಅಬ್ಬಾ, ಆ ದಿನದ ಸಡಗರ! ಪೊಲೀಸರ ಗಾಡಿಯಲ್ಲಿ ರಾಣಿ, ಮಂತ್ರಿ, ಸೇನಾಪತಿ ಎಲ್ಲರೂ ಕಿಟಕಿಯ ಜಾಲರಿಗೆ ಮುಖ ಒತ್ತಿ ಅಂಗಡಿ ಸಾಲು ನೋಡಿದ್ದೇ ನೋಡಿದ್ದು. ಕರಬಸಯ್ಯನವರು ನೀಲವ್ವನಿಗೂ ಹೇಳಿಕಳಿಸಿದ್ದರು. ಪರದೆ ಸರಿಸಿ ಇಣುಕಿದ ಗದಿಗೆಪ್ಪನಿಗೆ, ಹಿಂದಿನ ಸಾಲಿನಲ್ಲಿ ಸೆರಗು ಮುಂದಕ್ಕೆಳೆದುಕೊಂಡು ಕೂತ ಮುದುಕಿ ಕಂಡಳು. ಅವನ ಹಣೆಯ ನರ ಪಟಪಟ ಬಡಿದುಕೊಂಡಿತು. ಅದು ನನಗೆ ಮಾತ್ರ ಗೊತ್ತು.

ನಾಟಕ ರಂಗೇರಿತು. ಕಳ್ಳನನ್ನು ಎಳೆತಂದರು. ಅರಸ ಸಿಂಹಾಸನದಿಂದೆದ್ದು ತೀರ್ಪು ಕೊಡಲು ಕೈಯೆತ್ತಿದ. ಅಷ್ಟರಲ್ಲಿ ಪಕ್ಕದ ಶಾಲೆ ಬಿಡುವ ಗಂಟೆ ಢಣಢಣ ಬಾರಿಸಿತು.

ಇಡೀ ಆಸ್ಥಾನ ಕೂತುಬಿಟ್ಟಿತು. ರಾಣಿಯ ಪಕ್ಕ ಸೇನಾಪತಿ, ಮಂತ್ರಿಯ ಪಕ್ಕ ದ್ವಾರಪಾಲಕ, ಅರಸನ ಪಕ್ಕ ಕಳ್ಳ. ಮುಂದಿನ ಸಾಲಿನಲ್ಲಿದ್ದ ಕರಬಸಯ್ಯನವರು ಕೂಡ ತಮಗರಿವಿಲ್ಲದೆ ಎದ್ದು, ಬೆರಳು ಚಾಚಿ ಎಣಿಸತೊಡಗಿದ್ದರು.

ಸಭೆ ಹೊಟ್ಟೆ ಹಿಡಿದು ನಕ್ಕಿತು. ಹಿಂದಿನಿಂದ ಯಾರೋ, ಅರಸನಿಗೊಂದು ಚಾಪೆ ಹಾಸಿರೆಂದು ಕೂಗಿದರು. ಗದಿಗೆಪ್ಪ ತಲೆ ತಗ್ಗಿಸಿದ; ನಾನು ಜಾರಿ ಅವನ ಮೂಗಿಗೆ ಬಂದೆ. ಆಗ ನೀಲವ್ವ ಎದ್ದಳು. ಜನರನ್ನು ಸರಿಸುತ್ತ ರಂಗದ ಹತ್ತಿರವೇ ಬಂದಳು.

“ಗದಿಗೆಪ್ಪಾ, ಮ್ಯಾಲೇಳು. ಅರಸಾಗಿ ನೆಲಕ್ಕ ಕುಂದರ್ತಾರೇನು?”

ಅವನ ಬಾಯಿಂದ ಬಂದದ್ದು ಇಷ್ಟೇ: “ಎಣಿಕಿ ಮುಗೀಲಿ, ಯವ್ವಾ.”

ನಗು ನಿಂತುಹೋಯಿತು. ಕರಬಸಯ್ಯನವರು ಕನ್ನಡಕ ತೆಗೆದು ಒರೆಸಿಕೊಂಡರು. “ಎಣಿಕಿ ಬರೋಬ್ಬರಿ ಐತಿ. ಏಳಪಾ ಮಹಾರಾಜ,” ಎಂದರು.

ಅವನು ಎದ್ದ. ಅಂದಿನಷ್ಟು ಚೆನ್ನಾಗಿ ಅವನು ಮತ್ತೆಂದೂ ಆಡಲಿಲ್ಲ. ನಾಟಕ ಮುಗಿದ ಮೇಲೆ ನೀಲವ್ವ ಒಳಗೆ ಬಂದು, ತನ್ನ ಕೈಯಾರೆ ನನ್ನನ್ನು ತೆಗೆದು ಬದಿಗಿಟ್ಟಳು. “ತಲಿ ಎಲ್ಲಾ ಬೆಳ್ಳಗಾಗೇತಲ್ಲೋ,” ಎಂದು ಸೆರಗಿನಿಂದ ಅವನ ಬೆವರೊರೆಸಿದಳು. ಸತ್ತ ಮಗನ ಮಾತನ್ನು ಇಬ್ಬರೂ ಆಡಲಿಲ್ಲ, ಇಬ್ಬರೂ ಅತ್ತರು.

ಮುಂದೆ ಬಿಡುಗಡೆಯಾಗಿ ಹೋದವನು ಅವಳ ಕೊನೆಯವರೆಗೂ ಜೊತೆಗಿದ್ದು ಸೇವೆ ಮಾಡಿದನಂತೆ. ನಾನು ತುಕ್ಕು ಹಿಡಿದು ಈ ಮೂಲೆಗೆ ಬಿದ್ದಿದ್ದೇನೆ. ಹೊಸ ಆಟಕ್ಕೆ ಹೊಸ ಕಿರೀಟ ಬಂದಿದೆ. ಅದಕ್ಕೆ ನನಗೇನೂ ಬೇಸರವಿಲ್ಲ. ಒಂದು ತಲೆಯ ಭಾರವನ್ನು ಹತ್ತಿರದಿಂದ ಬಲ್ಲೆ, ನನ್ನ ಜನ್ಮಕ್ಕೆ ಅಷ್ಟು ಸಾಕು.

ಶಿವನೇ, ಅವನು ಮಾಡಿದ ಪಾಪ ನಿನಗೆ ಗೊತ್ತು, ಬೆಂದದ್ದೂ ಗೊತ್ತು. ಅವನ ಕೈಯಿಂದ ಮಡಿದ ತಮ್ಮನಿಗೆ ಮೊದಲು ಶಾಂತಿ ಕೊಡು. ಆಮೇಲೆ ಅವನನ್ನೂ ನಿನ್ನ ಪಾದದ ಬಳಿ ಸೇರಿಸಿಕೋ.