ತೇಲುತ್ತಿದ್ದದ್ದು

ಹದಿನಾಲ್ಕು ವರ್ಷದಿಂದ ಜೀವಕೋಶ ಸಾಕುವುದೇ ಆಕೆಯ ಕೆಲಸ. ಒಂಟಿ ಹೆಂಗಸು, ಭಾನುವಾರವೂ ಪ್ರಯೋಗಾಲಯಕ್ಕೆ ಬಂದು ಅವು ಬೆಳೆಯುವ ತಟ್ಟೆಗಳ ದ್ರವ ಬದಲಾಯಿಸಿ ಹೋಗುವಳು. ಮಕ್ಕಳೆಲ್ಲ ಉಂಡ್ರಾ ಎಂದು ಜೊತೆಯವರು ಛೇಡಿಸಿದರೆ, ನಿಮ್ಮವಕ್ಕಿಂತ ಇವೇ ವಾಸಿ, ಎದುರಾಡುವುದಿಲ್ಲ ಅನ್ನುವಳು.

ಈ ಸಲ ತಟ್ಟೆಯಲ್ಲಿದ್ದದ್ದು ಒಬ್ಬ ಟೇಲರಮ್ಮನ ತೋಳಿನ ಗಡ್ಡೆಯ ಚೂರು. ನರದ ಹೊದಿಕೆಯಲ್ಲಿ ಹುಟ್ಟುವ ಕ್ಯಾನ್ಸರು. ಎರಡು ಸಲ ತೆಗೆದರೂ ಮತ್ತೆ ಬಂದಿತ್ತು. ಕಳೆಗೆ ಬೇರಿದ್ದಂತೆ ಇದಕ್ಕೂ ಮತ್ತೆ ಚಿಗುರಿಸುವ ಕಾಂಡಕೋಶಗಳಿರಬಹುದು, ಇದ್ದರೆ ದ್ರವದಲ್ಲಿ ಪುಟ್ಟ ಉಂಡೆಗಳಾಗಿ ತೇಲುತ್ತವೆ, ಅವನ್ನು ಚೆಲ್ಲಬಾರದು, ಅಂಥ ಗಡ್ಡೆ ಮರಳಿ ಬರುವ ಸಂಭವವೂ ಹೆಚ್ಚು ಎಂದು ಗಡ್ಡೆ ಪರೀಕ್ಷಿಸುತ್ತಿದ್ದ ಡಾಕ್ಟರಮ್ಮ ಎರಡೆರಡು ಸಲ ಹೇಳಿದ್ದರು. ಈಕೆ ತಲೆಯಾಡಿಸಿದ್ದಳು.

ತಲೆ ಕೇಳಿಸಿಕೊಂಡಿತು, ಕೈ ಕೇಳಿಸಿಕೊಳ್ಳಲಿಲ್ಲ. ತಳಕ್ಕೆ ಅಂಟಿದ್ದು ಬದುಕಿದ್ದು, ತೇಲುವುದು ಸತ್ತದ್ದು. ಇಷ್ಟು ವರ್ಷ ಕೈ ಕಲಿತದ್ದು ಅಷ್ಟೇ. ಆ ಭಾನುವಾರ ತೇಲುತ್ತಿದ್ದದ್ದನ್ನೆಲ್ಲ ಹೀರಿ ಬ್ಲೀಚಿನ ಬಾಟಲಿಗೆ ಬಿಟ್ಟ ಮೇಲೆ ತಟ್ಟೆಯ ಮೇಲಿನ ಟೇಲರಮ್ಮನ ಹೆಸರಿನ ಲೇಬಲ್ಲು ಕಣ್ಣಿಗೆ ಬಿತ್ತು. ಸೂಕ್ಷ್ಮದರ್ಶಕದಲ್ಲಿ ನೋಡಿಯೂ ಇರಲಿಲ್ಲ.

ಕಟ್ಟಡದಲ್ಲಿ ನರಪಿಳ್ಳೆಯಿಲ್ಲ. ಸುಮ್ಮನಿದ್ದರೆ ಸೋಮವಾರ ಡಾಕ್ಟರಮ್ಮ 'ಉಂಡೆಗಳಿಲ್ಲ' ಎಂದು ಬರೆಯುತ್ತಾರೆ, ಟೇಲರಮ್ಮ ಆ ಸುಳ್ಳನ್ನು ನಂಬಿ ನಿಶ್ಚಿಂತಳಾಗುತ್ತಾಳೆ. ಅರ್ಧ ಗಂಟೆ ಸ್ಟೂಲಿನ ಮೇಲೆ ಕೂತಿದ್ದು, ಡಾಕ್ಟರಮ್ಮನಿಗೆ ಫೋನ್ ಮಾಡಿದಳು.

"ಮೇಡಂ, ತೇಲೋದನ್ನೆಲ್ಲ ಚೆಲ್ಬಿಟ್ಟೆ."

ಎಷ್ಟು ಹೊತ್ತಾಯಿತು ಎಂದು ಡಾಕ್ಟರಮ್ಮ ಕೇಳಿದರು. ಆಮೇಲೆ, "ಅಂಟಿಕೊಂಡಿರೋದಕ್ಕೆ ಅದೇ ದ್ರವ ಹಾಕಿಡಿ. ಬೇರು ಉಳಿದಿದ್ರೆ ಮತ್ತೆ ಎದ್ದು ಬರುತ್ತೆ. ಇನ್ನೇನು ಮಾಡೋಕಾಗುತ್ತೆ."

ಆ ವಾರ ತಪಾಸಣೆಗೆ ಬಂದ ಟೇಲರಮ್ಮ ಪ್ರಯೋಗಾಲಯದ ಬಾಗಿಲಲ್ಲಿ ನಿಂತು, ನನ್ನದು ಒಳಗೆ ಕೂತು ಏನು ಮಾಡ್ತಿದೆ ಎಂದು ನಗುತ್ತ ಕೇಳಿದಳು. ಚೆಲ್ಲಿಬಿಟ್ಟದ್ದನ್ನು ಆಕೆ ಮುಚ್ಚಿಡದೆ ಹೇಳಿದಳು.

"ಬಿಚ್ಚಿ ಹೊಲಿಯೋದು ನನಗೇನು ಹೊಸದಾ ಅಕ್ಕಾ. ನೀವು ಊಟ ಮಾಡಿದ್ರಾ?"

ಹಾಗೆ ಕೇಳುವವರು ಆಕೆಗೆ ಬೇರೆ ಯಾರೂ ಇರಲಿಲ್ಲ.

ದಿನಾ ಬೆಳಿಗ್ಗೆ ಮೊದಲು ಆ ತಟ್ಟೆಯನ್ನೇ ನೋಡುವಳು. ಬರಲಪ್ಪಾ, ಒಂದಾದರೂ ಬರಲಿ ಎಂದು ಬೇಡಿಕೊಳ್ಳುವಳು. ಹನ್ನೆರಡನೆಯ ದಿನ ಮೂರು ಉಂಡೆ ತೇಲುತ್ತಿದ್ದವು. ದುಂಡಗೆ, ಹೊಳೆಯುತ್ತ. ಎದೆ ಹಗುರವಾಯಿತು. ಇಷ್ಟು ದಿನ ತಾನು ಬೇಡಿಕೊಂಡದ್ದು ಟೇಲರಮ್ಮನ ಗಡ್ಡೆಯ ಬೇರನ್ನು ಎಂದು ಆಗ ಹೊಳೆಯಿತು.

ಡಾಕ್ಟರಮ್ಮ ಫೋನಿನಲ್ಲಿ, ಗೆದ್ದಿರಿ ಬಿಡಿ ಅಂದರು. ಆಕೆ ಹೂಂ ಅಂದಳು. ತಟ್ಟೆಯನ್ನು ಅಲುಗಾಡದಂತೆ ಎರಡೂ ಕೈಯಲ್ಲಿ ಹಿಡಿದು ಒಯ್ದು, ಕೋಶ ಬೆಳೆಸುವ ಬೆಚ್ಚನೆಯ ಪೆಟ್ಟಿಗೆಯೊಳಗಿಟ್ಟು ಬಾಗಿಲು ಹಾಕಿದಳು.